ಕುಣಿಯುವ ಮುನ್ನವೇ ಕೃಷ್ಣಾರ್ಪಣ

ಅರವತ್ತು ದಾಟಿದ ಮಾಧ್ವರ ಮನೆಯ ಹೆಂಗಸೊಬ್ಬಳು ಶನಿವಾರ ಭಾನುವಾರ ಮಲ್ಪೆಯ ಕಡಲ ದಂಡೆಗೆ ಹೋಗಿ, ಗಂಡನಲ್ಲದ ಗಂಡಸರ ಕೈ ಹಿಡಿದು ಸಾಲ್ಸಾ ಕುಣಿಯಬಹುದೇ? ಆಚಾರ್ಯ ಮಧ್ವರ ಸದಾಚಾರಸ್ಮೃತಿಯಲ್ಲಿ ಇದಕ್ಕೆ ಉತ್ತರವಿಲ್ಲ. ಸ್ಮೃತಿಮುಕ್ತಾವಳಿಯಲ್ಲೂ ಇಲ್ಲ. ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ರಾತ್ರಿ ಮಲಗುವ ತನಕ ಏನು ಮಾಡಬೇಕು, ಏನು ಬಿಡಬೇಕು ಎಂದು ಹೇಳುವ ಗ್ರಂಥಗಳು ಈ ಒಂದು ವಿಷಯದಲ್ಲಿ ನನ್ನನ್ನು ನನ್ನ ಪಾಡಿಗೆ ಬಿಟ್ಟಿವೆ. ಹಾಗಾಗಿ ನಾನೇ ಕೂತು ಯೋಚಿಸಬೇಕಾಯಿತು.

ನಮ್ಮದು ಹದಿನಾಲ್ಕು ಜನರ ಗುಂಪು. ಜೆ.ಪಿ. ನಗರದ ಎರಡನೇ ಹಂತದಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಹಾಲ್‌ನಲ್ಲಿ ಸಂಜೆ ಸೇರುತ್ತೇವೆ. ಬನಶಂಕರಿಯ ಲೆಕ್ಕಪರಿಶೋಧಕರೊಬ್ಬರು, ಬಿಟಿಎಂ ಲೇಔಟಿನ ಸಾಫ್ಟ್‌ವೇರ್ ಹುಡುಗರು, ಮಂಗಳೂರು ಕಡೆಯ ಕ್ಯಾಥೊಲಿಕ್ ನರ್ಸ್, ಗದಗಿನ ಲಿಂಗಾಯತ ಎಂಜಿನಿಯರ್, ಒಬ್ಬ ದಂತವೈದ್ಯೆ, ಜಯನಗರ ಮೂರನೇ ಬ್ಲಾಕಿನಿಂದ ನಾನು. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಮೊಣಕಾಲಿಗೆ ಒಳ್ಳೆಯದು ಅಂತ ಯಾರೋ ಹೇಳಿದ್ದಕ್ಕೆ ಸೇರಿದೆ. ಮೊಣಕಾಲು ಮೊದಲಿನಂತೆಯೇ ಇದೆ. ಕುಣಿತ ಮಾತ್ರ ಬಿಡಲಾಗಲಿಲ್ಲ. ಚಿಕ್ಕಂದಿನಲ್ಲಿ ಕಲಿತ ಸಂಗೀತ ಇಲ್ಲಿ ಉಪಯೋಗಕ್ಕೆ ಬಂತು. ಆದಿತಾಳಕ್ಕೆ ಎಂಟು ಅಕ್ಷರ, ಸಾಲ್ಸಾಕ್ಕೂ ಎಂಟೇ ಎಣಿಕೆ. ಒಂದು ಎರಡು ಮೂರಕ್ಕೆ ಹೆಜ್ಜೆ, ನಾಲ್ಕಕ್ಕೆ ಕಾರ್ವೆ, ಅಂದರೆ ವಿರಾಮ. ಐದು ಆರು ಏಳಕ್ಕೆ ಹೆಜ್ಜೆ, ಎಂಟಕ್ಕೆ ಮತ್ತೆ ಕಾರ್ವೆ. ಪಾಠ ಮುಗಿದ ಮೇಲೆ ಯಾರು ಯಾರ ಜೊತೆ ಬೇಕಾದರೂ ಕುಣಿಯುವ ಹೊತ್ತನ್ನು ‘ಸೋಷಿಯಲ್’ ಅನ್ನುತ್ತೇವೆ. ಅದಕ್ಕೆ ವೇದಿಕೆಯಿಲ್ಲ, ಪ್ರೇಕ್ಷಕರಿಲ್ಲ, ಬಹುಮಾನವಿಲ್ಲ. ಒಂದು ಹಾಡು ನಾಲ್ಕೈದು ನಿಮಿಷ. ಹಾಡು ಮುಗಿದರೆ ಜೋಡಿಯೂ ಮುಗಿಯಿತು, ನಮಸ್ಕಾರ ಹೇಳಿ ಬೇರೆಯವರ ಜೊತೆ ಹೊರಡುವುದು.

ಇಂಥ ಸೋಷಿಯಲ್ಲನ್ನು ಒಂದು ವಾರಾಂತ್ಯ ಕಡಲ ದಂಡೆಯ ರೆಸಾರ್ಟಿನಲ್ಲಿ ಇಟ್ಟುಕೊಳ್ಳೋಣ ಎಂದು ಹುಡುಗರು ಮಾತೆತ್ತಿದಾಗ ಎಲ್ಲರೂ ಹೂಂ ಅಂದರು. ಬ್ಯಾಂಕಿನಲ್ಲಿದ್ದವಳು ಅಂತ ಲೆಕ್ಕಪತ್ರ, ದಿನ ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮಾಧ್ವರ ಮನೆಯಲ್ಲಿ ದಿನ ಗೊತ್ತುಮಾಡುವುದು ಅಂದರೆ ಪಂಚಾಂಗ ತೆಗೆಯುವುದು. ಮಳೆಗಾಲದಲ್ಲಂತೂ ಕಡಲಿನ ಹತ್ತಿರ ಹೋಗುವ ಮಾತೇ ಇಲ್ಲ. ಮೀನುಗಾರರೇ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳನ್ನು ಮಲ್ಪೆ ಬಂದರಿನಲ್ಲಿ ಕಟ್ಟಿಹಾಕುತ್ತಾರೆ. ಮಳೆ ನಿಂತರೂ ಚಾತುರ್ಮಾಸ್ಯ ನಿಲ್ಲುವುದಿಲ್ಲ. ಆಷಾಢ ಏಕಾದಶಿಯಿಂದ ಒಂದು ತಿಂಗಳು ತರಕಾರಿ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ, ಕೊನೆಯ ತಿಂಗಳು ಬೇಳೆ ಇಲ್ಲ. ಬೇಳೆ ಬಿಟ್ಟ ದ್ವಿದಳ ವ್ರತದ ತಿಂಗಳಲ್ಲಿ ರೆಸಾರ್ಟಿನ ಅಡುಗೆಯವರಿಗೆ ಬೇಳೆಯಿಲ್ಲದ ಹುಳಿ ಮಾಡಿ ಎಂದು ಯಾವ ಬಾಯಲ್ಲಿ ಹೇಳಲಿ? ಆದ್ದರಿಂದ ಕಾರ್ತಿಕದ ಉತ್ಥಾನ ದ್ವಾದಶಿ ಕಳೆದು, ತುಳಸಿ ಪೂಜೆ ಮುಗಿದ ಮೇಲಿನ ಶನಿವಾರ ಎಂದೆ. ಆ ಶನಿವಾರ ಏಕಾದಶಿ ಬೀಳದಂತೆಯೂ ನೋಡಿಕೊಂಡೆ. ಹುಡುಗರು ಇದನ್ನೆಲ್ಲ ಹವಾಮಾನ ವರದಿ ಕೇಳುವಷ್ಟೇ ಗಂಭೀರವಾಗಿ ಕೇಳಿ ಒಪ್ಪಿಕೊಂಡರು.

ಜಾಗದ ವಿಷಯದಲ್ಲಿ ಚರ್ಚೆ ನಡೆಯಿತು. ಕೆಲವರು ಗೋವಾ ಅಂದರು, ಕೆಲವರು ಗೋಕರ್ಣ. ಗೋಕರ್ಣದ ಓಂ ಬೀಚಿಗೆ ಹೋಗಿ ಮಹಾಬಲೇಶ್ವರನ ದರ್ಶನ ಮಾಡದೆ ಬರುವುದು ಹೇಗೆ ಎಂದು ಲೆಕ್ಕಪರಿಶೋಧಕರು ಕೇಳಿದರು. ಮಲ್ಪೆ ಅಂದವಳು ನಾನೇ. ಸಂಜೆ ಬೆಂಗಳೂರು ಬಿಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಗಾಗುವ ಮೊದಲೇ ಉಡುಪಿ ಮುಟ್ಟಿಸುತ್ತದೆ. ಅಲ್ಲಿಂದ ಮಲ್ಪೆ ಕೂಗಳತೆ. ನನಗೆ ಇನ್ನೊಂದು ಕಾರಣವೂ ಇತ್ತು. ದ್ವಾರಕೆಯಿಂದ ಬಂದ ಹಡಗು ಬಿರುಗಾಳಿಗೆ ಸಿಕ್ಕಾಗ ಆಚಾರ್ಯರು ದಡದಲ್ಲಿ ನಿಂತು ತಮ್ಮ ಬಟ್ಟೆ ಬೀಸಿ ಅದನ್ನು ಕರೆದದ್ದು, ಕಪ್ಪದ ಬದಲು ಗೋಪೀಚಂದನದ ಗಡ್ಡೆ ಕೇಳಿ ಪಡೆದದ್ದು, ಅದರೊಳಗಿಂದ ಕಡೆಗೋಲು ಹಿಡಿದ ಬಾಲಕೃಷ್ಣ ಬಂದದ್ದು ಎಲ್ಲ ಮಲ್ಪೆಯ ವಡಭಾಂಡೇಶ್ವರದ ದಡದಲ್ಲೇ ಎಂಬುದು ಸಂಪ್ರದಾಯ. 1238ರಿಂದ 1317ರವರೆಗೆ ಬದುಕಿದ ಆ ಮನುಷ್ಯನ ಶಾಸ್ತ್ರವೇ ನಮ್ಮ ಮನೆಯ ಅನ್ನ. ಅವರ ದಡದಲ್ಲಿ ನಿಂತು ಕೇಳಲಾಗದ ಪ್ರಶ್ನೆಯನ್ನು ಗೋವಾದಲ್ಲಿ ಬಚ್ಚಿಡುವುದು ನನಗೆ ಸರಿ ಕಾಣಲಿಲ್ಲ.

ಪ್ರಶ್ನೆ ಮೊದಲು ಎತ್ತಿದ್ದು ನಮ್ಮತ್ತೆಯವರು. ಎಂಬತ್ತಾರು ವರ್ಷ, ಕಿವಿ ಚುರುಕು. ಫೋನಿನಲ್ಲಿ ನಾನು ರೂಮುಗಳ ಲೆಕ್ಕ ಹೇಳುತ್ತಿದ್ದದ್ದನ್ನು ಕೇಳಿಸಿಕೊಂಡು, ಬತ್ತಿ ಹೊಸೆಯುತ್ತಲೇ ಅಂದರು: “ಕುಣಿ, ಬೇಡ ಅನ್ನಲ್ಲ. ದಾಸರೂ ಗೆಜ್ಜೆ ಕಟ್ಕೊಂಡು ಕುಣಿದರು. ಆದರೆ ಅವರು ಯಾರ ಕೈನೂ ಹಿಡ್ಕೊಂಡಿರಲಿಲ್ಲವಲ್ಲೇ?”

ಇದು ತಮಾಷೆಯ ಪ್ರಶ್ನೆಯಲ್ಲ. ಭಾಗವತದ ಹತ್ತನೇ ಸ್ಕಂಧದಲ್ಲಿ ಇದನ್ನೇ ಪರೀಕ್ಷಿತ ರಾಜ ಕೇಳುತ್ತಾನೆ. ಇಪ್ಪತ್ತೊಂಬತ್ತರಿಂದ ಮೂವತ್ತಮೂರನೆಯ ಅಧ್ಯಾಯದವರೆಗೆ ಐದು ಅಧ್ಯಾಯ ರಾಸಕ್ರೀಡೆ. ಯಮುನೆಯ ಮರಳು ದಂಡೆ, ಶರತ್ಕಾಲದ ಹುಣ್ಣಿಮೆ, ವರ್ತುಲವಾಗಿ ನಿಂತ ಗೋಪಿಯರು, ಇಬ್ಬಿಬ್ಬರ ನಡುವೆ ಒಬ್ಬೊಬ್ಬ ಕೃಷ್ಣ. ಕೇಳುತ್ತಾ ಬಂದ ಪರೀಕ್ಷಿತನಿಗೆ ಕೊನೆಗೆ ತಡೆಯಲಾಗುವುದಿಲ್ಲ: ಧರ್ಮ ಸ್ಥಾಪಿಸಲು ಬಂದವನು ಬೇರೆಯವರ ಹೆಂಡಿರ ಜೊತೆ ಹೀಗೆ ಮಾಡಿದ್ದು ಹೇಗೆ ಸರಿ? ಹಾವು ಕಚ್ಚಿ ಸಾಯುವ ಶಾಪ ಹೊತ್ತು, ಏಳು ದಿನದ ಆಯುಷ್ಯ ಉಳಿಸಿಕೊಂಡು ಗಂಗೆಯ ದಡದಲ್ಲಿ ಕೂತವನು ಆ ರಾಜ. ಅಂಥವನಿಗೂ ಈ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗಲಾಗಲಿಲ್ಲ. ಅವನಿಗೆ ಭಾಗವತ ಹೇಳುತ್ತಿದ್ದ ಶುಕರೂ ಅವನನ್ನು ಗದರಿಸಲಿಲ್ಲ.

ಶುಕರ ಉತ್ತರದಲ್ಲಿ ಹಲವು ಎಳೆಗಳಿವೆ. ಸಮರ್ಥರಿಗೆ ದೋಷ ಅಂಟದು, ಬೆಂಕಿ ಏನು ಸುಟ್ಟರೂ ಮೈಲಿಗೆಯಾಗದ ಹಾಗೆ. ಅಸಮರ್ಥ ಅದನ್ನು ಮನಸ್ಸಿನಲ್ಲೂ ಅನುಕರಿಸಬಾರದು; ರುದ್ರನಲ್ಲದವನು ವಿಷ ಕುಡಿದರೆ ಸಾಯುತ್ತಾನೆ. ಗೋಪಿಯರ ಒಳಗೂ ಅವರ ಗಂಡಂದಿರ ಒಳಗೂ ಸಾಕ್ಷಿಯಾಗಿ ಇರುವವನು ಆ ಕೃಷ್ಣನೇ. ಜಯನಗರ ಐದನೇ ಬ್ಲಾಕಿನ ರಾಯರ ಮಠಕ್ಕೆ ಹೋಗಿಬರುವ ಹಿರಿಯರೊಬ್ಬರನ್ನು ಕೇಳಿದಾಗ ಎರಡನೆಯ ಎಳೆಯನ್ನೇ ಹಿಡಿದರು. “ಅನುಕರಣೆ ನಿಷಿದ್ಧ ಅಂತ ಸ್ಪಷ್ಟವಾಗಿದೆಯಮ್ಮ, ಅಲ್ಲಿಗೆ ಮುಗಿಯಿತು” ಎಂದರು.

ನನಗೆ ಅಲ್ಲಿಗೆ ಮುಗಿಯಲಿಲ್ಲ. ಶುಕರು ತಡೆದದ್ದು ಯಾರನ್ನು, ಯಾವ ಅನುಕರಣೆಯನ್ನು? ಈಶ್ವರನಲ್ಲದವನು ಈಶ್ವರನಂತೆ ನಡೆಯುವುದನ್ನು. ಅಂದರೆ ಎಲ್ಲರೂ ನನಗಾಗಿ ಇದ್ದಾರೆ, ಎಲ್ಲರ ಮೇಲೂ ನನ್ನ ಹಕ್ಕಿದೆ, ನನಗೆ ಲೆಕ್ಕ ಕೇಳುವವರಿಲ್ಲ ಎಂದು ಒಬ್ಬ ಜೀವ ಅಂದುಕೊಳ್ಳುವುದನ್ನು. ಹಾಗೆ ಅಂದುಕೊಳ್ಳಲು ಕುಣಿತ ಬೇಕಿಲ್ಲ. ಮನೆಯ ಊಟದ ಮೇಜಿನಲ್ಲಿ, ಆಫೀಸಿನಲ್ಲಿ, ಮಠದ ಪಂಕ್ತಿಯಲ್ಲೂ ಹಾಗೆ ಅಂದುಕೊಳ್ಳುವವರು ಇದ್ದಾರೆ. ಅದೇ ಐದು ಅಧ್ಯಾಯಗಳಲ್ಲಿ ಇನ್ನೊಂದು ಸಂಗತಿ ಇದೆ. ಕೃಷ್ಣ ಮಾಯವಾದದ್ದು ಗೋಪಿಯರು ಕುಣಿದದ್ದಕ್ಕಲ್ಲ, ಇವನು ನಮಗೆ ಒಲಿದ, ಲೋಕದಲ್ಲಿ ನಮ್ಮಂಥವರಿಲ್ಲ ಎಂಬ ಬಿಂಕ ಬಂದದ್ದಕ್ಕೆ. ಜೊತೆಯಲ್ಲಿ ಕರೆದೊಯ್ದ ಒಬ್ಬಳೂ ‘ನಡೆಯಲಾರೆ, ಎತ್ತಿಕೊಂಡು ಹೋಗು’ ಎಂದಾಗ ಅವಳನ್ನೂ ಬಿಟ್ಟ. ಹುಡುಕಿ, ಅತ್ತು, ಆ ಬಿಂಕ ಕರಗಿದ ಮೇಲೆಯೇ ರಾಸದ ವರ್ತುಲ ಕೂಡಿದ್ದು.

ಕ್ಯೂಬಾದ ಹವಾನಾದಲ್ಲಿ 1950ರ ದಶಕದ ಕೊನೆಯಲ್ಲಿ ಹುಟ್ಟಿದ ‘ರುಯೆದಾ’ ಎಂಬ ಕುಣಿತ ನಮ್ಮ ತರಗತಿಯಲ್ಲೂ ಇದೆ. ಜೋಡಿಗಳೆಲ್ಲ ವರ್ತುಲವಾಗಿ ನಿಲ್ಲುವುದು. ಒಬ್ಬರು ಕೂಗಿ ಹೇಳಿದ ಕೂಡಲೇ ಇದ್ದ ಜೊತೆ ಬಿಟ್ಟು ಪಕ್ಕದವರ ಕೈ ಹಿಡಿಯುವುದು. ನಮ್ಮ ಕೋಲಾಟದಲ್ಲೂ ಎದುರಿನ ಕೋಲು ಹೀಗೆಯೇ ಬದಲಾಗುತ್ತದೆ. ರುಯೆದಾದಲ್ಲಿ ಯಾರನ್ನಾದರೂ ಹಿಡಿದಿಟ್ಟುಕೊಂಡರೆ ಇಡೀ ವರ್ತುಲ ಮುರಿಯುತ್ತದೆ. ‘ನನ್ನದು’ ಎಂಬುದನ್ನು ನಿಮಿಷಕ್ಕೊಮ್ಮೆ ಬಿಡಿಸುವ ಇಂಥ ಅಭ್ಯಾಸವನ್ನು ನಾನು ಪೂಜೆಯ ಕೋಣೆಯಲ್ಲೂ ಇಷ್ಟು ಕಟ್ಟುನಿಟ್ಟಾಗಿ ಮಾಡಿದವಳಲ್ಲ.

ಪರೀಕ್ಷಿತನಂತೆ ಕೇಳುವವರ ಬಗ್ಗೆ ನನಗೆ ಗೌರವವಿದೆ. ಕೇಳದೆ ಕೈ ಎತ್ತುವವರ ಬಗ್ಗೆ ಇಲ್ಲ. 2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದಕ್ಕೆ ಸಂಸ್ಕೃತಿಯ ಹೆಸರು ಹೇಳಿಕೊಂಡು ನುಗ್ಗಿದವರು ಹೆಣ್ಣುಮಕ್ಕಳನ್ನು ಹೊಡೆದು ಓಡಿಸಿದ್ದನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತು. ಮಲ್ಪೆ ಅಂದ ಕೂಡಲೇ ನಮ್ಮ ದಂತವೈದ್ಯೆ “ಕರಾವಳಿ ಅಂದ್ರೆ ಹುಷಾರಾಗಿರಬೇಕಲ್ವಾ ಆಂಟಿ?” ಎಂದಿದ್ದು ಆ ನೆನಪಿನಿಂದಲೇ. ಮಂಗಳೂರಿನ ನರ್ಸ್‌ಗೆ ಅದರಿಂದ ನೋವಾಯಿತು. ಅವರ ಕಡೆ ಮದುವೆ ಅಂದರೆ ಅಜ್ಜಿ ಮೊಮ್ಮಕ್ಕಳೆಲ್ಲ ಬೈಲಾಕ್ಕೆ ಹೆಜ್ಜೆ ಹಾಕುವುದು ಊಟದಷ್ಟೇ ಸಹಜ. ಚರ್ಚಿನಿಂದ ನೇರ ಹಾಲ್‌ಗೆ, ಪ್ರಾರ್ಥನೆಯಿಂದ ನೇರ ಕುಣಿತಕ್ಕೆ. “ನಿಮಗೆ ಮಾತ್ರ ಯಾಕೆ ಇಷ್ಟೊಂದು ಯೋಚನೆ?” ಎಂದು ಆಕೆ ನನ್ನನ್ನು ಕೇಳಿದಳು. ಬೆಂಗಳೂರೂ ಈ ವಿಷಯದಲ್ಲಿ ಬಲು ಉದಾರಿಯೇನಲ್ಲ. ಡಿಸ್ಕೊ, ಕ್ಯಾಬರೆ, ಲೈವ್ ಬ್ಯಾಂಡ್ ನಡೆಸುವ ಜಾಗಗಳಿಗೆ ಪೊಲೀಸರ ಪರವಾನಗಿ ಬೇಕೆಂಬ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಕುಣಿತ ಅಂದರೆ ಮೊದಲು ಅನುಮಾನ, ಆಮೇಲೆ ಅನುಮತಿ ಎಂಬ ರೂಢಿ ನಮ್ಮಲ್ಲಿ ಬೇರೂರಿದೆ.

ಆದರೆ ಕನ್ನಡನಾಡಿನ ಕಲ್ಲುಗಳು ಬೇರೆ ಮಾತು ಹೇಳುತ್ತವೆ. ದೇವಸ್ಥಾನಕ್ಕೆ ಭೂಮಿ ಬಿಟ್ಟ ಹಳೆಯ ಶಾಸನಗಳಲ್ಲಿ ದಾನ ಯಾತಕ್ಕೆ ಎಂಬಲ್ಲಿ ಅಂಗಭೋಗ, ರಂಗಭೋಗ ಎಂದು ಮತ್ತೆ ಮತ್ತೆ ಬರುತ್ತದೆ. ದೇವರ ಮೈಗೆ ಅಭಿಷೇಕ, ಗಂಧ, ಹೂವು ಒಂದು. ದೇವರ ಮುಂದೆ ಹಾಡು, ವಾದ್ಯ, ನೃತ್ಯ ಇನ್ನೊಂದು. ಎರಡಕ್ಕೂ ಗದ್ದೆ, ಎರಡಕ್ಕೂ ಉಂಬಳಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನ ನವರಂಗದ ನಡುವೆ ಕಡೆದ ಕಂಬಗಳ ಮಧ್ಯೆ ನುಣುಪಾದ ದುಂಡು ಜಗಲಿ ಇದೆ. ಶಾಂತಲೆ ಕುಣಿದ ಜಾಗ ಅಂತ ಇಂದಿಗೂ ತೋರಿಸುತ್ತಾರೆ. ಹೊರಗೆ ಮದನಿಕೆಯರು ಕನ್ನಡಿ ನೋಡುತ್ತಾ, ಮದ್ದಳೆ ಬಾರಿಸುತ್ತಾ, ತ್ರಿಭಂಗಿಯಲ್ಲಿ ನಿಂತಿದ್ದಾರೆ. ವೈಷ್ಣವ ಗುಡಿಯ ಒಳಗೂ ಹೊರಗೂ ಕುಣಿಯುವ ಮೈಗೆ ಜಾಗವಿತ್ತು. ಭೋಗ ಪಾಪ ಎಂದು ನಂಬಿದ ಜನ ದೇವರಿಗೆ ಭೋಗ ನಡೆಸಲು ಗದ್ದೆ ಬಿಡುತ್ತಿರಲಿಲ್ಲ.

ಇಷ್ಟಕ್ಕೇ ಹಿಗ್ಗಿ ಮುಂದೆ ಹೋಗುವಂತಿಲ್ಲ. ಆ ರಂಗಭೋಗವನ್ನು ತಮ್ಮ ಮೈಯಿಂದ ನಡೆಸಿಕೊಟ್ಟ ಪಾತ್ರದವರ ವಂಶದ ಹೆಣ್ಣುಮಕ್ಕಳಲ್ಲಿ ಎಷ್ಟು ಜನರಿಗೆ ‘ಒಲ್ಲೆ’ ಅನ್ನುವ ಹಕ್ಕಿತ್ತು? ದೇವರ ಹೆಸರಿನಲ್ಲಿ ಬಿಟ್ಟ ಹುಡುಗಿಯರ ಮೇಲೆ ದೇವರಲ್ಲದವರು ಹಕ್ಕು ಸಾಧಿಸಿದ ಕಥೆ ಎಷ್ಟು ಉದ್ದವೆಂದರೆ, ಅದನ್ನು ನಿಲ್ಲಿಸಲು ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯನ್ನೇ ತರಬೇಕಾಯಿತು. ಶುಕರು ಎಚ್ಚರಿಸಿದ ಅನುಕರಣೆ ಅಂದರೆ ಇದೇ. ಗುಡಿಯ ಒಳಗೆ, ಮಂತ್ರ ಹೇಳಿ, ಶಾಸ್ತ್ರೋಕ್ತವಾಗಿ ಮಾಡಿದರೂ ಅದು ಅಧರ್ಮವೇ. ಹಾಗಾದರೆ ಕುಣಿತ ಧರ್ಮವೋ ಅಧರ್ಮವೋ ಎಂಬುದನ್ನು ತೀರ್ಮಾನಿಸಲು ಗುಡಿಯೋ ರೆಸಾರ್ಟೋ ಎಂದು ನೋಡಿದರೆ ಸಾಲದು. ಕುಣಿಯುವವಳು ಬೇಡ ಅನ್ನಬಹುದೇ ಎಂದು ನೋಡಬೇಕು. ನಮ್ಮ ಸೋಷಿಯಲ್ಲಿನ ಮೊದಲ ನಿಯಮ ಇದು: ಯಾರು ಯಾರನ್ನು ಬೇಕಾದರೂ ಕರೆಯಬಹುದು, ಕರೆದವರಿಗೆ ‘ಈಗ ಬೇಡ’ ಅಂದರೆ ಕಾರಣ ಕೇಳುವಂತಿಲ್ಲ, ಮುಖ ಊದಿಸಿಕೊಳ್ಳುವಂತಿಲ್ಲ. ಇಂಥ ಸರಳ ನಿಯಮ ನಮ್ಮ ಎಷ್ಟು ಮನೆಗಳಲ್ಲಿದೆ?

ಇನ್ನು ಕೈ ಹಿಡಿಯುವ ವಿಷಯ. ಜೋಡಿ ಕುಣಿತದಲ್ಲಿ ಒಬ್ಬರು ಲೀಡ್, ಇನ್ನೊಬ್ಬರು ಫಾಲೋ. ಹೊಸಬರು ಫಾಲೋ ಅಂದರೆ ಎಳೆದತ್ತ ಹೋಗುವುದು ಅಂದುಕೊಂಡು ಬರುತ್ತಾರೆ. ಆ ಭ್ರಮೆ ಬೇಗ ಬಿಡುತ್ತದೆ. ಲೀಡ್ ಮಾಡುವವರು ಅಂಗೈಯಿಂದಲೋ ಬೆನ್ನಿನ ಮೇಲಿಟ್ಟ ಬೆರಳಿನಿಂದಲೋ ಒಂದು ಸೂಚನೆ ಕೊಡುತ್ತಾರೆ, ಅಷ್ಟೇ. ತಿರುಗುವುದು ನನ್ನ ಕಾಲು, ನನ್ನ ತೂಕ, ನನ್ನ ಉಸಿರು. ತಿರುಗುವಾಗ ತಲೆ ಸುತ್ತಿದರೆ ಅದೂ ನನ್ನದೇ. ಸೂಚನೆ ಬಾರದೆ ನಾನು ತಿರುಗಿದರೆ ಕುಣಿತ ಕೆಡುತ್ತದೆ. ಅವರು ಬಲವಂತವಾಗಿ ತಿರುಗಿಸಿದರೆ ಭುಜ ನೋಯುತ್ತದೆ, ಆಗಲೂ ಕುಣಿತ ಕೆಡುತ್ತದೆ. ಮಾಡಿಸುವುದೂ ಮಾಡುವುದೂ ಒಂದೇ ತಿರುವಿನಲ್ಲಿ ಸೇರಿರುತ್ತವೆ. ಇಷ್ಟು ಅವರದು, ಇಷ್ಟು ನನ್ನದು ಎಂದು ಪಾಲು ಹಾಕಲಾಗುವುದಿಲ್ಲ.

ನಮ್ಮ ಮತದ ಅತ್ಯಂತ ಕಠಿಣ ಪ್ರಶ್ನೆಯೊಂದು ನನಗೆ ಮೈಗೆ ತಾಗಿದ್ದು ಇಲ್ಲೇ. ಎಲ್ಲವನ್ನೂ ಹರಿ ಮಾಡಿಸುತ್ತಾನೆ, ಜೀವ ಅಸ್ವತಂತ್ರ ಎಂದು ಹುಟ್ಟಿದಾಗಿನಿಂದ ಕೇಳಿದ್ದೇವೆ. ಹಾಗಿದ್ದರೆ ನನ್ನ ಪಾಪಪುಣ್ಯ ನನ್ನದು ಹೇಗೆ? ಸೂತ್ರದ ಗೊಂಬೆಗೆ ನರಕವೇ? ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಮೂರನೇ ಪಾದದಲ್ಲಿ ಈ ಚರ್ಚೆ ಬರುತ್ತದೆ. ಜೀವ ಕರ್ತನೇ ಹೌದು, ಇಲ್ಲದಿದ್ದರೆ ‘ಹೀಗೆ ಮಾಡು, ಹೀಗೆ ಮಾಡಬೇಡ’ ಎನ್ನುವ ಶಾಸ್ತ್ರಕ್ಕೆ ಅರ್ಥವೇ ಇರುವುದಿಲ್ಲ. ಆದರೆ ಆ ಕರ್ತೃತ್ವ ಪರಮಾತ್ಮನಿಂದ ಬಂದದ್ದು ಎಂದು ಆಚಾರ್ಯರು ಎರಡನ್ನೂ ಹಿಡಿಯುತ್ತಾರೆ. ಅಲ್ಲಿ ಬರುವ ಬಡಗಿಯ ದೃಷ್ಟಾಂತ ನನಗೆ ಬಹಳ ಇಷ್ಟ. ಕೆಲಸ ಮಾಡಿಸುವವನ ಅಧೀನ ಅವನು, ಆದರೂ ಉಳಿ ಹಿಡಿದು ಕೆಲಸ ಮಾಡುವವನು ಅವನೇ. ಈ ಮಾತನ್ನು ಬಹಳ ವರ್ಷ ಪುಸ್ತಕದ ಮಾತಾಗಿ ಒಪ್ಪಿಕೊಂಡಿದ್ದೆ. ಅಧೀನವಾಗಿದ್ದೂ ಕರ್ತೃವಾಗಿರುವುದು ಹೇಗಿರುತ್ತದೆ ಎಂದು ಗೊತ್ತಾದದ್ದು, ಒಳ್ಳೆಯ ಲೀಡ್ ಒಬ್ಬರ ಕೈಯಲ್ಲಿ ಮೊದಲ ಸಲ ಹೆದರದೆ ತಿರುಗಿದಾಗ.

ಹೋಲಿಕೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದೂ ಮುಖ್ಯ. ನನ್ನ ಕೈ ಹಿಡಿದ ಬಿಟಿಎಂ ಲೇಔಟಿನ ಹುಡುಗ ನನಗೆ ಕಾಲು ಕೊಟ್ಟವನಲ್ಲ, ಉಸಿರು ಕೊಟ್ಟವನಲ್ಲ. ಅವನಿಗೂ ಅವನ್ನು ಕೊಟ್ಟವನು ಬೇರೆ ಇದ್ದಾನೆ. ಸ್ವತಂತ್ರ ಒಬ್ಬನೇ, ಉಳಿದವರೆಲ್ಲ ಅಸ್ವತಂತ್ರರು ಎಂಬ ತತ್ವವನ್ನು ನಮ್ಮವರು ಬಾಯಿಪಾಠ ಹೇಳುತ್ತಾರೆ, ಆದರೆ ಅದರ ನೇರ ಫಲಿತಾಂಶವನ್ನು ಹೇಳಲು ಹಿಂಜರಿಯುತ್ತಾರೆ. ಸ್ವತಂತ್ರ ಒಬ್ಬನೇ ಆದರೆ ಗಂಡಸು ಹೆಂಗಸಿಗೆ, ಅತ್ತೆ ಸೊಸೆಗೆ, ಮ್ಯಾನೇಜರ್ ಗುಮಾಸ್ತನಿಗೆ ದೇವರ ಸ್ಥಾನದಲ್ಲಿ ನಿಲ್ಲುವಂತಿಲ್ಲ. ಲೀಡ್ ಅನ್ನುವುದು ಒಂದು ಹಾಡಿನ ಮಟ್ಟಿಗೆ ವಹಿಸಿಕೊಂಡ ಕೆಲಸ. ನಮ್ಮ ತರಗತಿಯಲ್ಲಿ ಪಾತ್ರ ಬದಲಾಯಿಸಿಯೂ ಕುಣಿಸುತ್ತಾರೆ. ಆಗ ಇಪ್ಪತ್ತಾರರ ಹುಡುಗಿ ನನ್ನನ್ನು ಲೀಡ್ ಮಾಡುತ್ತಾಳೆ, ನಾನು ಲೆಕ್ಕಪರಿಶೋಧಕರನ್ನು. ಅವರು ಮೊದಲು ಬಹಳ ಬಿಗಿಯಾಗಿದ್ದರು. ಈಗ ಸೂಚನೆಗೆ ಕಾಯುವುದನ್ನು ಕಲಿತಿದ್ದಾರೆ. ಮನೆಯಲ್ಲೂ ಅದರಿಂದ ಲಾಭವಾಗಿದೆಯೆಂದು ಅವರ ಹೆಂಡತಿ ಹೇಳಿದರು.

ಗದಗಿನ ಎಂಜಿನಿಯರ್ ಜೊತೆ ಈ ಮಾತು ಬಂದಾಗ ಅವರು ನಕ್ಕರು. ಅವರ ಎದೆಯ ಮೇಲಿನ ಕರಡಿಗೆಯಲ್ಲಿ ಇಷ್ಟಲಿಂಗ ಇದೆ, ಅದು ಮೈಯಿಂದ ಅಗಲುವಂತಿಲ್ಲ. ಕುಣಿಯುವಾಗ ಬಡಿಯದಂತೆ ಅಂಗಿಯೊಳಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತಾರೆ. “ದೇವರನ್ನ ಮನ್ಯಾಗ ಬಿಟ್ಟು ಬರೂ ಅವಕಾಶನ ನಮಗಿಲ್ರೀ ಅಮ್ಮಾರ. ಹಂಗಾಗಿ ಅವನ ಮುಂದ ಮಾಡಬಾರದ್ದು ಎಲ್ಲೂ ಮಾಡೂಹಂಗಿಲ್ಲ, ಮಾಡಬಹುದಾದ್ದು ಎಲ್ಲಿ ಬೇಕಾದ್ರೂ ಮಾಡಬಹುದು” ಎಂದರು. ನಮ್ಮಲ್ಲೂ ಬಿಂಬರೂಪಿ ಹರಿ ಹೃದಯದೊಳಗೇ ಇದ್ದಾನೆ. ಆದರೆ ಮಡಿ ಪಂಚೆಯ ಜೊತೆ ಅವನನ್ನೂ ದೇವರ ಕೋಣೆಯಲ್ಲಿ ನೇತುಹಾಕಿ ಹೊರಡುವ ಅಭ್ಯಾಸ ನಮಗಿದೆ.

ಸುಖದ ಮಾತನ್ನು ಮುಚ್ಚಿಡುವುದಿಲ್ಲ. ಕುಣಿದರೆ ನನಗೆ ಸುಖವಾಗುತ್ತದೆ. ಉಸಿರು ತುಂಬುತ್ತದೆ, ಬೆನ್ನು ನೆಟ್ಟಗಾಗುತ್ತದೆ, ನಾಲ್ಕು ನಿಮಿಷ ಇನ್ನೊಬ್ಬರು ನನ್ನ ಹೆಜ್ಜೆಗೆ ಪೂರ್ತಿ ಗಮನ ಕೊಡುತ್ತಾರೆ. ಈ ವಯಸ್ಸಿನ ಹೆಂಗಸರಿಗೆ ಅಷ್ಟು ಗಮನ ಡಾಕ್ಟರ ಕ್ಲಿನಿಕ್ಕಿನಲ್ಲೂ ಸಿಗುವುದಿಲ್ಲ. ವಿಷಯದ ಚಿಂತನೆಯಿಂದ ಸಂಗ, ಸಂಗದಿಂದ ಕಾಮ, ಕಾಮದಿಂದ ಕ್ರೋಧ ಎಂದು ಗೀತೆಯ ಎರಡನೆಯ ಅಧ್ಯಾಯ ಇಳಿಜಾರು ತೋರಿಸುತ್ತದೆ. ಅದನ್ನು ನಾನು ಹಗುರವಾಗಿ ಕಾಣುವವಳಲ್ಲ. ಅದೇ ಗೀತೆಯ ಏಳನೆಯ ಅಧ್ಯಾಯದಲ್ಲಿ ಧರ್ಮಕ್ಕೆ ವಿರುದ್ಧವಲ್ಲದ ಕಾಮ ತಾನೇ ಎಂದೂ ಕೃಷ್ಣ ಹೇಳಿಕೊಂಡಿದ್ದಾನೆ. ಎರಡಕ್ಕೂ ನಡುವೆ ಗೆರೆ ಎಳೆಯುವ ಕೆಲಸ ಓದುವವರಿಗೆ ಬಿಟ್ಟದ್ದು. ನಮ್ಮನೆಯವರು ಲಕ್ಷ್ಮಣರಾವ್ ಪಾರ್ಕಿನಲ್ಲಿ ನಡೆಯುವುದಕ್ಕಿಂತ ಹೆಚ್ಚಿನ ಯಾವ ಚಲನೆಯನ್ನೂ ಒಪ್ಪುವವರಲ್ಲ. ಅವರನ್ನು ಕೇಳಿದೆ. “ಯಾರ ಜೊತೆ ಹೋಗ್ತೀಯ, ಎಲ್ಲಿ ಇರ್ತೀಯ ಹೇಳಿದ್ದೀಯ. ಹೇಳದೇ ಹೋಗೋದಾಗಿದ್ರೆ ಕೇಳ್ತಿದ್ದೆ” ಎಂದು ಪೇಪರಿಗೆ ಹಿಂತಿರುಗಿದರು. ಗೆರೆಯ ಒಂದು ತುದಿ ಅಲ್ಲಿ ಸಿಕ್ಕಿತು.

ಇನ್ನೊಂದು ತುದಿ ಸಿಕ್ಕಿದ್ದು ಅತ್ತೆಯವರಿಂದ. ಮಾಡುವುದನ್ನು, ಉಣ್ಣುವುದನ್ನು, ಕೊಡುವುದನ್ನು ಎಲ್ಲ ನನಗೆ ಅರ್ಪಿಸು ಎಂದು ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಕೃಷ್ಣ ಹೇಳಿದ್ದಾನಲ್ಲ, ಕುಣಿದು ಬಂದು ಕೃಷ್ಣಾರ್ಪಣ ಅಂದರಾಯಿತು ಎಂದು ನಾನು ಜಾಣತನ ಮಾಡಿದೆ. ಬತ್ತಿಯ ತಟ್ಟೆ ಪಕ್ಕಕ್ಕಿಟ್ಟು ಅವರೆಂದರು: “ಉಂಡಾದ ಮೇಲೆ ನೈವೇದ್ಯ ಮಾಡ್ತಾರೇನೆ? ಅದು ಎಂಜಲು. ಮೊದಲು ಅವನ ಮುಂದಿಡು. ಇಡೋಕೆ ನಾಚಿಕೆಯಾದ್ರೆ ಬಿಟ್ಟುಬಿಡು. ಆಗಲಿಲ್ಲ ಅಂದ್ರೆ ಪ್ರಸಾದ ಅಂತ ತಿನ್ನು.”

ಪರೀಕ್ಷಿತನ ಪ್ರಶ್ನೆಗೆ ನನ್ನ ಮಟ್ಟಿಗೆ ಇದು ಉತ್ತರ. ಒಂದು ಸುಖ ಧರ್ಮವೋ ಅಲ್ಲವೋ ಎಂಬುದು ಅನುಭವಿಸಿ ಬಂದ ಮೇಲೆ ಕೊಡುವ ಸಮಜಾಯಿಷಿಯಿಂದ ತೀರ್ಮಾನವಾಗುವುದಿಲ್ಲ, ಹೊರಡುವ ಮೊದಲು ಹಾಕುವ ಯೋಜನೆಯಿಂದ ಆಗುತ್ತದೆ. ಪೂಜೆಗೆ ಮುಂಚೆ ಸಂಕಲ್ಪ ಮಾಡುವುದೂ ಇದಕ್ಕೇ. ಯಾವ ದೇಶ, ಯಾವ ಕಾಲ, ಯಾರು, ಯಾತಕ್ಕೆ ಎಂದು ದೇವರ ಮುಂದೆ ಬಾಯಿಬಿಟ್ಟು ಹೇಳದೆ ನಮ್ಮಲ್ಲಿ ಒಂದು ಉದ್ಧರಣೆ ನೀರನ್ನೂ ಬಿಡುವುದಿಲ್ಲ. ಪ್ರವಾಸದ ಪಟ್ಟಿಯನ್ನೂ ನಾನು ಹಾಗೆಯೇ ಬರೆದೆ.

ಪಟ್ಟಿ ದೇವರ ಮನೆಯ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಇದೆ. ಶುಕ್ರವಾರ ಸಂಜೆ ರೈಲು. ಶನಿವಾರ ಬೆಳಿಗ್ಗೆ ಬಯಸಿದವರಿಗೆ ಕೃಷ್ಣ ಮಠ, ನರ್ಸ್‌ಗೆ ಭಾನುವಾರದ ಪೂಜೆಗೆ ಹತ್ತಿರದ ಚರ್ಚ್. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಮೂವರಿಗೆ, ಮೀನು ಬೇಕಾದವರಿಗೆ ಬೇರೆ ಮೇಜು. ಮರಳಿನ ಮೇಲೆ ಕಾಲು ತಿರುಗುವುದಿಲ್ಲ, ಮೊಣಕಾಲು ತಿರುಚುತ್ತದೆ. ಆದ್ದರಿಂದ ಕುಣಿತ ಒಳಗಿನ ಹಾಲ್‌ನಲ್ಲಿ, ಕಡಲು ನೋಡುವುದಕ್ಕೆ. ಧ್ವನಿವರ್ಧಕ ರಾತ್ರಿ ಹತ್ತಕ್ಕೆ ಬಂದ್, 2000ದ ಶಬ್ದಮಾಲಿನ್ಯ ನಿಯಮ ಇರುವುದೇ ಹಾಗೆ. ಬೆಳಗಿನ ಜಾವ ದೋಣಿಗೆ ಹೋಗುವ ಮೊಗವೀರರ ನಿದ್ದೆ ಕೆಡಿಸಿ ನಮಗೆ ಯಾವ ಪುಣ್ಯವೂ ಬೇಡ. ಕುಣಿಯುವ ಹಾಲ್‌ನಲ್ಲಿ ಕುಡಿತವಿಲ್ಲ. ಇದಕ್ಕೆ ಇಬ್ಬರು ಗೊಣಗಿದರು, ಮತ ಹಾಕಿ ತೀರ್ಮಾನವಾಯಿತು. ಒಬ್ಬರ ಜೊತೆ ಸತತ ಎರಡು ಹಾಡಿಗಿಂತ ಹೆಚ್ಚಿಲ್ಲ. ಬೇಡ ಅಂದರೆ ಬೇಡ. ಹೆಂಗಸರಿಬ್ಬರು, ಗಂಡಸರಿಬ್ಬರು ಜೊತೆಯಾಗಿ ಕುಣಿಯಬಹುದು. ಫೋಟೋ ತೆಗೆಯುವ ಮುನ್ನ ಕೇಳಬೇಕು. ಹಣದ ಲೆಕ್ಕ ಸೋಮವಾರ ಎಲ್ಲರಿಗೂ.

ಅತ್ತೆಯವರು ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಪೂರ್ತಿ ಓದಿದರು, ಭಾನುವಾರ ಹೊರಡುವ ಮುಂಚೆ ಕಡಲಿಗೆ ಒಂದು ನಮಸ್ಕಾರ ಎಂದು ಸೇರಿಸಲು ಹೇಳಿದರು. ಸೇರಿಸಿದ್ದೇನೆ.

ನಿಮ್ಮ ಮನೆಯಲ್ಲೂ ಹೆಂಡತಿಯೋ ತಾಯಿಯೋ ಮಗಳೋ ಹೀಗೊಂದು ಪಟ್ಟಿ ಹಿಡಿದು ನಿಂತರೆ, ‘ಇದೆಲ್ಲ ನಮ್ಮ ಸಂಪ್ರದಾಯವೇ?’ ಎಂದು ಕೇಳುವ ಮೊದಲು ಪಟ್ಟಿಯನ್ನು ಒಮ್ಮೆ ಓದಿ. ದೇವರ ಮುಂದೆ ಇಡಲು ನಾಚಿಕೆಯಾಗುವ ಸಾಲು ಕಂಡರೆ ಅದನ್ನು ತೋರಿಸಿ ಮಾತಾಡಿ. ಅಂಥ ಸಾಲು ಒಂದೂ ಇಲ್ಲದಿದ್ದರೆ ಟಿಕೆಟ್ ಮಾಡಿಸಿಕೊಡಿ.